ಕ್ರಿಪ್ಟೋದಲ್ಲಿ ಕೂಲಿ: ನಾಲ್ಕು ತಾಲ್ಲೂಕಿನ ಕ್ರಿಯೇಟರ್‌ಗಳಿಗೆ 11 ಸೂತ್ರಗಳು

ವಿಡಿಯೋ ನಿಮ್ಮದು. ಬಿಸಿಲಲ್ಲಿ ನಿಂತವರು ನೀವು, ರಾತ್ರಿ ಎಡಿಟ್ ಮಾಡಿದವರು ನೀವು. ಎರಡು ದಿನ ಕಳೆದರೆ ಅದೇ ವಿಡಿಯೋ ಬೇರೆ ಪೇಜ್‌ನಲ್ಲಿ ನಿಮ್ಮ ಹೆಸರಿಲ್ಲದೆ ಓಡುತ್ತಿರುತ್ತದೆ. ಲೈಕ್ ಅವರಿಗೆ, ಜಾಹೀರಾತಿನ ದುಡ್ಡೂ ಅವರಿಗೆ.

ಯೂಟ್ಯೂಬ್ ದುಡ್ಡು ಕೊಡುತ್ತದೆ, ನಿಜ. ಆದರೆ ಜಾಹೀರಾತಿನ ಪಾಲು ಕೈಗೆ ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂ. ಅಲ್ಲಿಯವರೆಗಿನ ದುಡಿಮೆಯೆಲ್ಲ ಪುಕ್ಕಟೆ. ಇದಕ್ಕೆ ಪರ್ಯಾಯವಾಗಿ 2016ರಿಂದ ಇನ್ನೊಂದು ವ್ಯವಸ್ಥೆ ನಡೆಯುತ್ತಿದೆ: ಒರಿಜಿನಲ್ ಬರಹ, ಫೋಟೋ, ವಿಡಿಯೋಗೆ ಮೊದಲ ಪೋಸ್ಟ್‌ನಿಂದಲೇ ಕ್ರಿಪ್ಟೋ ಟೋಕನ್ ಕೊಡುವ ಬ್ಲಾಕ್‌ಚೈನ್‌ಗಳು, ಅಂದರೆ ಬರೆದದ್ದನ್ನು ಅಳಿಸಲಾಗದ ಸಾರ್ವಜನಿಕ ಲೆಕ್ಕದ ಪುಸ್ತಕಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಕೂತು ಇದನ್ನು ಮಾಡಬಹುದು. ಮಾಡುವ ಕ್ರಮ ಇಲ್ಲಿದೆ.

1. "ಅದೆಲ್ಲಾ ನಮಗ ಆಗಂಗಿಲ್ರೀ" ಅನ್ನುವುದನ್ನು ಇವತ್ತೇ ಬಿಡಿ

ಇದು ಅಭಿಪ್ರಾಯ ಅಲ್ಲ, ಚಟ. ಇಂಗ್ಲಿಷ್ ಬರೋದಿಲ್ಲ, ಲ್ಯಾಪ್‌ಟಾಪ್ ಇಲ್ಲ, ಬೆಂಗಳೂರಲ್ಲಿ ಇಲ್ಲ ಎಂಬ ಮೂರು ನೆಪಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಪರಿಹಾರ ಬರೆಯಿರಿ. ಯುಪಿಐ ಬಂದದ್ದೂ 2016ರಲ್ಲೇ. ಆಗ "ಹಳ್ಳ್ಯಾಗ ಯಾರ್ ಬಳಸ್ತಾರ" ಅಂದವರೇ ಇವತ್ತು ಕಾಯಿಪಲ್ಲೆ ಸಂತೆಯಲ್ಲಿ ಸ್ಕ್ಯಾನರ್ ಎಲ್ಲಿ ಅಂತ ಕೇಳುತ್ತಾರೆ. ಮೊಬೈಲ್ ಇದೆಯಲ್ಲ, ಅಷ್ಟು ಸಾಕು.

2. ದುಡ್ಡು ಎಲ್ಲಿಂದ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳಿ

ಯಾರು ಕೊಡುತ್ತಾರೆ, ಯಾಕೆ ಕೊಡುತ್ತಾರೆ ಎಂದು ಗೊತ್ತಿಲ್ಲದ ದುಡ್ಡಿನ ಹಿಂದೆ ಹೋಗಬೇಡಿ. ಈ ಸೂತ್ರವನ್ನು ಎರಡು ಸಲ ಓದಿ.

ನೆಡ್ ಸ್ಕಾಟ್ ಮತ್ತು ಡ್ಯಾನಿಯಲ್ ಲ್ಯಾರಿಮರ್ 2016ರಲ್ಲಿ ಸ್ಟೀಮ್ ಎಂಬ ಬ್ಲಾಕ್‌ಚೈನ್ ಮತ್ತು ಅದರ ಮೇಲೆ ಸ್ಟೀಮಿಟ್ ಎಂಬ ತಾಣ ಶುರು ಮಾಡಿದರು. ಆ ವರ್ಷ ಜುಲೈ 4ರಂದು ಬರಹಗಾರರಿಗೆ ಮೊದಲ ಪಾವತಿ ಆಯಿತು. 2020ರ ಮಾರ್ಚ್ 20ರಂದು ಅದರಿಂದ ಒಡೆದು ಬಂದದ್ದು ಹೈವ್. ಎರಡರಲ್ಲೂ ಲೆಕ್ಕ ಒಂದೇ ಥರ: ಚೈನ್ ಪ್ರತಿ ಮೂರು ಸೆಕೆಂಡಿಗೆ ಒಂದು ಬ್ಲಾಕ್ ಕಟ್ಟುತ್ತದೆ, ಹೊಸ ಟೋಕನ್ ಹುಟ್ಟಿಸುತ್ತದೆ. ಹೊಸದಾಗಿ ಹುಟ್ಟಿದ್ದರಲ್ಲಿ ಶೇ. 65 ಭಾಗ ಕಂಟೆಂಟ್ ಬಹುಮಾನದ ಪೂಲ್‌ಗೆ ಹೋಗುತ್ತದೆ. ಓದುಗರು ವೋಟ್ ಹಾಕುತ್ತಾರೆ. ಏಳು ದಿನ ಆದ ಮೇಲೆ ವೋಟಿನ ತೂಕದ ಪ್ರಕಾರ ಪಾವತಿ. ಅರ್ಧ ಬರೆದವರಿಗೆ, ಅರ್ಧ ವೋಟ್ ಹಾಕಿದವರಿಗೆ.

ವೋಟಿನ ತೂಕ ಅಂದೆ. ಇಲ್ಲಿ ಒಬ್ಬರಿಗೆ ಒಂದು ವೋಟ್ ಅಲ್ಲ. ಯಾರು ಹೆಚ್ಚು ಟೋಕನ್ ಚೈನ್‌ನಲ್ಲಿ ಕಟ್ಟಿಟ್ಟಿದ್ದಾರೋ ಅವರ ವೋಟಿಗೆ ಹೆಚ್ಚು ಬೆಲೆ. ಊರ ಸೊಸೈಟಿ ಚುನಾವಣೆಗಿಂತ ಇದು ಕಂಪನಿ ಷೇರುದಾರರ ಸಭೆಗೆ ಹತ್ತಿರ. ನ್ಯಾಯವೋ ಅನ್ಯಾಯವೋ ಆಮೇಲೆ ಚರ್ಚೆ ಮಾಡಿ. ನಿಮ್ಮ ನೂರು ಗೆಳೆಯರ ಖಾಲಿ ಅಕೌಂಟಿನ ನೂರು ವೋಟ್‌ಗಿಂತ ಹಳೆಯ, ಗಂಭೀರ ಸದಸ್ಯರೊಬ್ಬರ ಒಂದು ವೋಟ್ ಹೆಚ್ಚು ತರುತ್ತದೆ ಎಂಬುದನ್ನು ಈಗಲೇ ತಲೆಯಲ್ಲಿಡಿ. ಆ ಸದಸ್ಯರು ಓದುವಂಥದ್ದನ್ನು ಬರೆಯಿರಿ.

3. ಕಾಪಿ ಮಾಡಬೇಡಿ. ಅರ್ಧ ಕಾಪಿಯೂ ಬೇಡ

ಸ್ಟೀಮ್‌ನ ಆರಂಭದ ದಿನಗಳಲ್ಲೇ ಚೀತಾ ಎಂಬ ಬಾಟ್ ಇತ್ತು. ಪೋಸ್ಟ್ ಬಿದ್ದ ಸ್ವಲ್ಪ ಹೊತ್ತಿಗೆ ಅಂಥದ್ದೇ ಬರಹ ಇನ್ನೆಲ್ಲಿದೆ ಅಂತ ಹುಡುಕಿ ಕೆಳಗೆ ಲಿಂಕ್ ಹಾಕುತ್ತಿತ್ತು. ಹೈವ್‌ನಲ್ಲಿ ಹೈವ್‌ವಾಚರ್ಸ್ ಎಂಬ ತಂಡ ಕಾಪಿ ಹಿಡಿಯುತ್ತದೆ, ಡೌನ್‌ವೋಟ್ ಹಾಕುತ್ತದೆ. ಡೌನ್‌ವೋಟ್ ಬಿದ್ದರೆ ಬರಬೇಕಿದ್ದ ಬಹುಮಾನ ಪೂಲ್‌ಗೆ ವಾಪಸ್. ಅಕೌಂಟಿನ ಮಾನವೂ ಹೋಗುತ್ತದೆ. ಬ್ಲಾಕ್‌ಚೈನ್‌ನಲ್ಲಿ ಡಿಲೀಟ್ ಒತ್ತಿ ಹಳೆಯದನ್ನು ಅಳಿಸಲು ಬರೋದಿಲ್ಲ. ತಿದ್ದಿದರೂ ಮೊದಲಿನದು ಇತಿಹಾಸದಲ್ಲಿ ಉಳಿಯುತ್ತದೆ.

ವಾಟ್ಸಾಪ್ ಸುಭಾಷಿತ, ಇನ್ನೊಬ್ಬರ ರೀಲ್ಸ್‌ಗೆ ಹೊಸ ಹಿನ್ನೆಲೆ ಸಂಗೀತ, ಎಐನಿಂದ ಎರಡು ನಿಮಿಷದಲ್ಲಿ ತೆಗೆದ "ಗೋಳಗುಮ್ಮಟದ ಹತ್ತು ವಿಶೇಷಗಳು" ಇವೆಲ್ಲ ಕಸ. ಎಐ ಬಳಸಿ, ಬೇಡ ಅನ್ನುವುದಿಲ್ಲ: ಕಾಗುಣಿತ ನೋಡಲು, ಇಂಗ್ಲಿಷ್ ಸಾರಾಂಶ ಮಾಡಲು, ಸಬ್‌ಟೈಟಲ್‌ಗೆ. ಆದರೆ ನೋಡಿದ್ದು, ಕೇಳಿದ್ದು, ಅನಿಸಿದ್ದು ನಿಮ್ಮದೇ ಇರಲಿ.

4. ನಿಮ್ಮ ತಾಲ್ಲೂಕನ್ನೇ ಸ್ಪೆಷಲೈಸೇಶನ್ ಮಾಡಿಕೊಳ್ಳಿ

ಜಗತ್ತಿನ ವಿಷಯಕ್ಕೆ ಜಗತ್ತೇ ಬರೆಯುತ್ತಿದೆ. ನಿಮ್ಮ ಓಣಿಯ ವಿಷಯಕ್ಕೆ ಸ್ಪರ್ಧೆಯೇ ಇಲ್ಲ. ಪಟ್ಟಿ ಬೇಕೇ? ಹಿಡಿಯಿರಿ.

ಇಂಡಿ: ಲಿಂಬೆ. ಜಿಐ ಟ್ಯಾಗ್ ಬಂದಿದೆ, ಲಿಂಬೆ ಅಭಿವೃದ್ಧಿ ಮಂಡಳಿಯೇ ಇಂಡಿಯಲ್ಲಿದೆ. ಆದರೂ ಒಂದು ಗಿಡ ನೆಟ್ಟಲ್ಲಿಂದ ಹಣ್ಣು ಮಾರುಕಟ್ಟೆಗೆ ಬೀಳುವವರೆಗಿನ ಕತೆಯನ್ನು ಫೋಟೋ ಸಮೇತ ಹೇಳಿದವರು ಎಷ್ಟು ಮಂದಿ? ಬೇಸಿಗೆಯಲ್ಲಿ ನೀರು ಹೇಗೆ ಹೊಂದಿಸುತ್ತಾರೆ, ದರ ಬಿದ್ದಾಗ ಏನು ಮಾಡುತ್ತಾರೆ, ಉಪ್ಪಿನಕಾಯಿಗೆ ಯಾವ ಹಣ್ಣು ತೆಗೆಯುತ್ತಾರೆ ಎಂದು ಕೇಳುತ್ತ ಹೋದರೆ ಒಂದು ಲಿಂಬೆ ತೋಟದಿಂದ ಹನ್ನೆರಡು ಪೋಸ್ಟ್ ಬರುತ್ತವೆ.

ಮುದ್ದೇಬಿಹಾಳ: 1565ರ ರಕ್ಕಸಗಿ-ತಂಗಡಗಿ ಯುದ್ಧದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬಹುಪಾಲು ಒಬ್ಬರನ್ನೊಬ್ಬರು ನೋಡಿಕೊಂಡು. ರಕ್ಕಸಗಿ, ತಂಗಡಗಿ ನಿಮ್ಮ ತಾಲ್ಲೂಕಿನ ಊರುಗಳು. ಬೈಕ್ ಹತ್ತಿ. ಕೃಷ್ಣೆಯ ದಂಡೆಯಲ್ಲಿ ನಿಂತು ಇವತ್ತಿನ ಊರು ತೋರಿಸಿ, ಹಿರಿಯರು ಏನು ಹೇಳುತ್ತಾರೆ ಕೇಳಿ, ಇತಿಹಾಸದ ಪುಸ್ತಕ ಏನು ಹೇಳುತ್ತದೆ ಅದನ್ನೂ ಪಕ್ಕದಲ್ಲಿಡಿ. ಎರಡೂ ಬೇರೆ ಬೇರೆ ಇದ್ದರೆ ಇನ್ನೂ ಒಳ್ಳೆಯ ಪೋಸ್ಟ್ ಆಯಿತು.

ಬಸವನ ಬಾಗೇವಾಡಿ: ಬಸವಣ್ಣನವರ ಊರು ಎಂಬುದು ಎಲ್ಲರಿಗೂ ಗೊತ್ತು. ಅದರ ಆಚೆಗೂ ಹೋಗಿ. ಹಳೆಯ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ 1964ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಹಿನ್ನೀರಿನಲ್ಲಿ ಊರು ಮುಳುಗಿದವರು ಪುನರ್ವಸತಿ ಕೇಂದ್ರಗಳಲ್ಲಿ ಇದ್ದಾರೆ. ಮುಳುಗಿದ ಊರಿನ ಗುಡಿ, ಬಾವಿ, ಜಾತ್ರೆ ನೆನಪಿರುವವರಿಗೆ ಈಗ ವಯಸ್ಸಾಗಿದೆ. ಅವರ ಮಾತು ರೆಕಾರ್ಡ್ ಮಾಡಿ. ಇದು ಮುಂದಿನ ವರ್ಷ ಮಾಡುವ ಕೆಲಸ ಅಲ್ಲ.

ಸಿಂದಗಿ: ತೊಗರಿ, ಹತ್ತಿ, ಭೀಮೆಯ ಪ್ರವಾಹ, ಖಡಕ್ ರೊಟ್ಟಿ ಬಡಿಯುವವರ ದಿನಚರಿ. ಉಳಿದದ್ದು ನಿಮಗೇ ಗೊತ್ತು.

ಭಾಷೆ? ಕನ್ನಡದಲ್ಲಿ ಬರೆಯಿರಿ, ಕೆಳಗೆ ಇಂಗ್ಲಿಷಿನಲ್ಲಿ ಹತ್ತು ಸಾಲಿನ ಸಾರ ಕೊಡಿ. ಹೆಚ್ಚು ಟೋಕನ್ ಇಟ್ಟುಕೊಂಡ ಓದುಗರಲ್ಲಿ ಬಹಳ ಮಂದಿಗೆ ಕನ್ನಡ ಬರೋದಿಲ್ಲ. ಸಾರ ಓದಿ, ಫೋಟೋ ನೋಡಿ ಅವರು ವೋಟ್ ಹಾಕುತ್ತಾರೆ. ಕನ್ನಡ ಓದುಗರಿಗೆ ಪೂರ್ತಿ ಊಟ ಸಿಗುತ್ತದೆ.

5. ಅಂಕಿತ ಹಾಕಿ

ನಮ್ಮ ಭಾಗಕ್ಕೆ ಇದನ್ನು ಹೊರಗಿನವರು ಕಲಿಸಬೇಕಿಲ್ಲ. ವಚನದಲ್ಲಿ ಕೂಡಲಸಂಗಮದೇವ ಅಂತ ಬಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ. ಲಾವಣಿ, ಗೀಗೀ ಪದ ಕಟ್ಟಿದವರೂ ಕೊನೆಯ ನುಡಿಯಲ್ಲಿ ತಮ್ಮ ಊರು, ಗುರು, ಹೆಸರು ಸೇರಿಸುತ್ತಿದ್ದರು. ಬೇರೆ ಮೇಳದವರು ಹಾಡಿದರೂ ಕಟ್ಟಿದವರು ಯಾರು ಅಂತ ಹಾಡೇ ಸಾರುತ್ತಿತ್ತು. ಮೂಲ ಕರ್ತೃವಿನ ಗುರುತು ಕೃತಿಯ ಒಳಗೇ ಇರಬೇಕು, ಇಷ್ಟೇ ತತ್ವ.

ನೀವು ಹೀಗೆ ಮಾಡಿ. ವಿಡಿಯೋದ ಮಧ್ಯದಲ್ಲಿ ನಿಮ್ಮ ಹೆಸರು, ಊರು ಮಾತಿನಲ್ಲೇ ಬರಲಿ. ಮೂಲೆಯ ವಾಟರ್‌ಮಾರ್ಕ್ ಕತ್ತರಿಸಬಹುದು, ಮಾತಿನ ನಡುವೆ ಬಂದ ಹೆಸರನ್ನು ತೆಗೆಯುವುದು ಕಷ್ಟ. ಮೂಲ ಫೈಲ್ ಇಟ್ಟುಕೊಳ್ಳಿ. ಮೊದಲು ಚೈನ್‌ಗೆ ಹಾಕಿ, ಆಮೇಲೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್. ಚೈನ್‌ನಲ್ಲಿ ಬಿದ್ದ ದಿನಾಂಕ, ಸಮಯ ಯಾರೂ ಬದಲಿಸಲಾರರು.

ಆದರೆ ತಪ್ಪು ತಿಳಿಯಬೇಡಿ. ಚೈನ್ ಹೇಳುವುದು "ಈ ಪೋಸ್ಟ್ ಈ ದಿನ ಇತ್ತು" ಅಂತ ಮಾತ್ರ. "ಇದು ಇವರದೇ" ಅಂತ ಹೇಳುವುದು ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಬರಹಕ್ಕೆ ನೀವು ಇರುವಷ್ಟು ಕಾಲ, ಅದರ ಮೇಲೆ 60 ವರ್ಷ. ನೋಂದಣಿ ಕಡ್ಡಾಯ ಅಲ್ಲ. ಮಾಡಿಸಿದರೆ ಜಗಳದ ದಿನ ಬಲವಾದ ದಾಖಲೆ ಆಗುತ್ತದೆ.

6. ಹಾಡಿದವರಿಗೆ ಪಾಲು ಕೊಡಿ, ಅದೂ ಸಾಫ್ಟ್‌ವೇರ್ ಮೂಲಕವೇ

ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಜನಪದ ಹಾಡು ಕೂಡಿಸಿದರು. 1931ರಲ್ಲಿ ‘ಗರತಿಯ ಹಾಡು’ ಬಂತು. ಕನ್ನಡಕ್ಕೆ ಅದು ಎಂಥ ಆಸ್ತಿ ಅಂತ ಹೇಳುವ ಅಗತ್ಯವಿಲ್ಲ. ಆದರೆ ಓದುಗರಿಗೆ ಇವತ್ತು ನೆನಪಿರುವುದು ಕೂಡಿಸಿದವರ ಹೆಸರು. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಹೆಣ್ಣುಮಕ್ಕಳ ಹೆಸರಲ್ಲ. ಗೆಳೆಯರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರು ಕೂಡಿಸದಿದ್ದರೆ ಹಾಡೂ ಉಳಿಯುತ್ತಿರಲಿಲ್ಲ, ಮತ್ತು ತಲೆತಲಾಂತರದಿಂದ ಬಾಯಿಂದ ಬಾಯಿಗೆ ಬಂದ ಹಾಡಿಗೆ ಒಬ್ಬ ಕರ್ತೃವನ್ನು ಹುಡುಕುವುದು ಆಗದ ಮಾತು. ಹಾಡಿದವರನ್ನು ದಾಖಲಿಸಲು, ಅವರಿಗೆ ಪಾಲು ಕಳಿಸಲು ನಿಮ್ಮ ಕೈಯಲ್ಲಿರುವ ಸಲಕರಣೆ ಆಗ ಇರಲಿಲ್ಲ.

ಹೈವ್‌ನಲ್ಲಿ ಪೋಸ್ಟ್ ಹಾಕುವಾಗ ‘ಬೆನಿಫಿಶಿಯರಿ’ ಎಂಬ ಆಯ್ಕೆ ಇದೆ. ಶೇ. 40 ಹಂತಿ ಪದ ಹಾಡಿದ ಅಜ್ಜನ ಮೊಮ್ಮಗನ ಅಕೌಂಟಿಗೆ, ಶೇ. 20 ಕ್ಯಾಮೆರಾ ಹಿಡಿದ ಗೆಳತಿಗೆ ಅಂತ ಮೊದಲೇ ಬರೆದುಬಿಟ್ಟರೆ ಏಳನೇ ದಿನ ಪಾಲು ತಾನಾಗಿ ಹಂಚಿಹೋಗುತ್ತದೆ. ಯಾರ ಮರ್ಜಿಯೂ ಬೇಡ, ಯಾರೂ ಯಾರನ್ನೂ ಕೇಳುವುದೂ ಬೇಡ. ಇಡೀ ಕ್ರಿಪ್ಟೋ ಗದ್ದಲದಲ್ಲಿ ನನಗೆ ನಿಜಕ್ಕೂ ಉಪಯುಕ್ತ ಅನಿಸಿದ ಸಂಗತಿ ಇದೊಂದೇ ಇದ್ದರೂ ಸಾಕಿತ್ತು. ಡೊಳ್ಳಿನ ಪದ, ಮೊಹರಂ ಪದ, ಸೋಬಾನೆ ರೆಕಾರ್ಡ್ ಮಾಡುವವರು ಇದನ್ನು ತಪ್ಪದೆ ಬಳಸಿ. ಮೊದಲು ಹಾಡುವವರ ಒಪ್ಪಿಗೆ ಕ್ಯಾಮೆರಾ ಮುಂದೆಯೇ ಪಡೆಯಿರಿ.

7. ಟೋಕನ್ ಕೂಲಿ. ಲಾಟರಿ ಟಿಕೆಟ್ ಅಲ್ಲ

2018ರ ಜನವರಿಯಲ್ಲಿ ಒಂದು ಸ್ಟೀಮ್ ಟೋಕನ್ ಸುಮಾರು 8 ಡಾಲರ್‌ಗೆ ಹೋಗಿತ್ತು. ಅದೇ ವರ್ಷದ ಕೊನೆಗೆ ಅರ್ಧ ಡಾಲರೂ ಇರಲಿಲ್ಲ. ನವೆಂಬರ್‌ನಲ್ಲಿ ಸ್ಟೀಮಿಟ್ ಕಂಪನಿ ತನ್ನ ಸಿಬ್ಬಂದಿಯಲ್ಲಿ ಶೇ. 70ರಷ್ಟು ಜನರನ್ನು ಮನೆಗೆ ಕಳಿಸಿತು. ಚೆನ್ನಾಗಿ ಬರೆಯುತ್ತಿದ್ದವರ ಬರಹ ಕೆಟ್ಟಿರಲಿಲ್ಲ, ಟೋಕನ್ ಬೆಲೆ ಕೆಟ್ಟಿತ್ತು.

ಆದ್ದರಿಂದ ನಿಯಮ ಮಾಡಿಕೊಳ್ಳಿ. ಬಂದದ್ದರಲ್ಲಿ ಇಷ್ಟು ಭಾಗ ಪ್ರತಿ ತಿಂಗಳು ಇಂಥ ತಾರೀಖಿಗೆ ರೂಪಾಯಿ. ಬೆಲೆ ಏರಲಿ, ಇಳಿಯಲಿ, ತಾರೀಖು ಬದಲಿಸಬೇಡಿ. ಉಳಿದದ್ದನ್ನು ಬೇಕಾದರೆ ಚೈನ್‌ನಲ್ಲಿ ಕಟ್ಟಿಡಿ, ನಿಮ್ಮ ವೋಟಿಗೆ ತೂಕ ಬರುತ್ತದೆ. ಆದರೆ ಹೀಗೆ ಕಟ್ಟಿಟ್ಟ ಹೈವ್ ಟೋಕನ್ ಪೂರ್ತಿ ಬಿಡಿಸಿಕೊಳ್ಳಲು 13 ವಾರ ಬೇಕು. ಕಾಲೇಜು ಫೀ, ಮನೆ ಬಾಡಿಗೆಯ ದುಡ್ಡು ಅಲ್ಲಿ ಸಿಕ್ಕಿಸಬೇಡಿ. ಜೇಬಿನಿಂದ ಹಾಕಿ ಟೋಕನ್ ಕೊಳ್ಳುವುದಂತೂ ಬೇಡವೇ ಬೇಡ. ನಿಮ್ಮ ಬಂಡವಾಳ ಸಮಯ ಮತ್ತು ಕೆಲಸ, ಅಷ್ಟೇ.

ಮೊದಲ ಪೋಸ್ಟ್‌ಗೆ ಚಹಾದ ಖರ್ಚೂ ಹುಟ್ಟದಿರಬಹುದು. ನಿಲ್ಲಿಸಬೇಡಿ. ವಾರಕ್ಕೆ ಎರಡು ಒಳ್ಳೆಯ ಪೋಸ್ಟ್, ದಿನಕ್ಕೆ ಇಪ್ಪತ್ತು ನಿಮಿಷ ಬೇರೆಯವರದ್ದನ್ನು ಓದಿ ಅರ್ಥವಿರುವ ಕಾಮೆಂಟ್. ಓದಿಸಿಕೊಳ್ಳಬೇಕಾದವರು ಮೊದಲು ಓದಬೇಕು.

8. ಕೀಲಿ ಕಳೆದರೆ ಮನೆಯೇ ಹೋಯಿತು

ಇಲ್ಲಿ "ಪಾಸ್‌ವರ್ಡ್ ಮರೆತಿದ್ದೀರಾ?" ಬಟನ್ ಇಲ್ಲ. ಹೈವ್‌ನಲ್ಲಿ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಕೀ ಇರುತ್ತದೆ. ಬರೆಯಲು, ವೋಟ್ ಹಾಕಲು ಪೋಸ್ಟಿಂಗ್ ಕೀ. ದುಡ್ಡು ಸಾಗಿಸಲು ಆ್ಯಕ್ಟಿವ್ ಕೀ. ಎಲ್ಲಕ್ಕೂ ಮೇಲೆ ಓನರ್ ಕೀ. ದಿನನಿತ್ಯದ ಬಳಕೆಗೆ ಪೋಸ್ಟಿಂಗ್ ಕೀ ಮಾತ್ರ ಫೋನಿನಲ್ಲಿರಲಿ. ಉಳಿದವನ್ನು ಕಾಗದದ ಮೇಲೆ ಎರಡು ಪ್ರತಿ ಬರೆದು ಎರಡು ಕಡೆ ಇಡಿ. ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಬೇಡ. ಸೈಬರ್ ಕೆಫೆಯ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಬೇಡಿ. "ಅಕೌಂಟ್ ವೆರಿಫೈ ಮಾಡ್ತೀವಿ, ಕೀ ಕಳಿಸಿ" ಅಂದವರನ್ನು ಆ ಕ್ಷಣವೇ ಬ್ಲಾಕ್ ಮಾಡಿ.

9. ಒಂದೇ ಪ್ಲಾಟ್‌ಫಾರ್ಮ್ ನಂಬಿ ಕೂರಬೇಡಿ

ರೆಡ್ಡಿಟ್ ತನ್ನ ಕೆಲವು ಗುಂಪುಗಳಲ್ಲಿ ಒಳ್ಳೆಯ ಪೋಸ್ಟ್‌ಗಳಿಗೆ ಬ್ಲಾಕ್‌ಚೈನ್ ಪಾಯಿಂಟ್ ಕೊಡುತ್ತಿತ್ತು. 2023ರ ನವೆಂಬರ್‌ನಲ್ಲಿ ನಿಲ್ಲಿಸಿಬಿಟ್ಟಿತು. ವಿಡಿಯೋ ಮಾಡಿದವರಿಗೆ ಟೋಕನ್ ಕೊಡುತ್ತಿದ್ದ ಎಲ್‌ಬಿಆರ್‌ವೈ ಕಂಪನಿ ಅಮೆರಿಕದ ಷೇರು ನಿಯಂತ್ರಕರ ವಿರುದ್ಧದ ಕೇಸಿನಲ್ಲಿ 2022ರಲ್ಲಿ ಸೋತು, ಮರುವರ್ಷ ಬಾಗಿಲು ಹಾಕಿತು. ಸ್ಟೀಮ್‌ನ ಕತೆ ಇನ್ನೂ ಮಜಾ. 2020ರ ಫೆಬ್ರವರಿಯಲ್ಲಿ ಕ್ರಿಪ್ಟೋ ಉದ್ಯಮಿ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿ ಕೊಂಡರು. ಚೈನ್ ಯಾರು ನಡೆಸಬೇಕು ಎಂಬ ಚುನಾವಣೆಯಲ್ಲಿ, ಟೋಕನ್ ಕೊಂಡು ಮಾರುವ ದೊಡ್ಡ ಎಕ್ಸ್‌ಚೇಂಜ್‌ಗಳು ಗ್ರಾಹಕರ ಟೋಕನ್‌ಗಳಿಂದಲೇ ಅವರ ಪರ ವೋಟ್ ಹಾಕಿದವು. ಸಿಟ್ಟಿಗೆದ್ದ ಸದಸ್ಯರು ಇಡೀ ಚೈನನ್ನೇ ನಕಲು ಮಾಡಿ ಹೈವ್ ಕಟ್ಟಿಕೊಂಡರು. "ಯಾರ ಕಂಟ್ರೋಲೂ ಇಲ್ಲ" ಎಂಬ ಜಾಹೀರಾತು ಕೇಳಿದಾಗೆಲ್ಲ ಇದನ್ನು ನೆನಪಿಸಿಕೊಳ್ಳಿ.

ಪ್ರತಿ ಕೃತಿಯ ಮೂಲ ಪ್ರತಿ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿರಲಿ. ಚೈನ್ ಒಂದು ಕಡೆ, ಯೂಟ್ಯೂಬ್ ಒಂದು ಕಡೆ, ವರ್ಷಕ್ಕೊಮ್ಮೆ ಆಯ್ದದ್ದನ್ನು ಪಿಡಿಎಫ್ ಪುಸ್ತಕ ಮಾಡಿ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಚನ ಅಚ್ಚು ಹಾಕಲು ಸ್ವಂತ ಮುದ್ರಣಾಲಯವನ್ನೇ ಇಟ್ಟರು, ಅದಕ್ಕಾಗಿ ಮನೆ ಮಾರಿದರು. ನಿಮಗೆ ಮನೆ ಮಾರುವ ಗರಜು ಇಲ್ಲ. ಒಂದು ಹಾರ್ಡ್‌ಡಿಸ್ಕ್ ಸಾಕು.

10. ಟ್ಯಾಕ್ಸ್ ಲೆಕ್ಕ ಮೊದಲ ದಿನದಿಂದ ಬರೆಯಿರಿ

ಕ್ರಿಪ್ಟೋ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ ಅಲ್ಲ. ಬ್ಯಾಂಕುಗಳಿಗೆ ಇದರಿಂದ ದೂರ ಇರಿ ಅಂತ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. ಆದರೆ ಇದು ರೂಪಾಯಿಯಂತೆ ಕಾನೂನುಬದ್ಧ ಹಣವೂ ಅಲ್ಲ. ಅಂಗಡಿಯವರು ತೆಗೆದುಕೊಳ್ಳಲೇಬೇಕು ಅಂತಿಲ್ಲ.

ತೆರಿಗೆ ಗಟ್ಟಿ ಇದೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಮಾರಿದ ಲಾಭಕ್ಕೆ ಶೇ. 30, ಅದರ ಮೇಲೆ ಶೇ. 4 ಸೆಸ್. ಆ ವರ್ಷ ಜುಲೈ 1ರಿಂದ ವಹಿವಾಟಿನ ಮೇಲೆ ಶೇ. 1 ಟಿಡಿಎಸ್. ಒಂದು ಟೋಕನ್‌ನಲ್ಲಿ ₹10,000 ಲಾಭ, ಇನ್ನೊಂದರಲ್ಲಿ ₹8,000 ನಷ್ಟ ಆದರೆ ಕೈಗೆ ಬಂದದ್ದು ₹2,000 ಅಂತ ನೀವು ಅಂದುಕೊಳ್ಳುತ್ತೀರಿ. ತೆರಿಗೆ ಇಲಾಖೆ ನಷ್ಟ ಹೊಂದಿಸಲು ಬಿಡುವುದಿಲ್ಲ. ₹10,000ಕ್ಕೂ ತೆರಿಗೆ: ₹3,000, ಸೆಸ್ ₹120. ಕೈಯಿಂದಲೇ ₹1,120 ಹೋಯಿತು. ಟೋಕನ್‌ನಿಂದ ಟೋಕನ್‌ಗೆ ಜಿಗಿಯುವ ಆಟ ನಿಮಗಲ್ಲ ಅನ್ನುವುದಕ್ಕೆ ಇಷ್ಟು ಲೆಕ್ಕ ಸಾಕು.

ಒಂದು ನೋಟ್‌ಬುಕ್ ಮಾಡಿ: ದಿನಾಂಕ, ಯಾವ ಪೋಸ್ಟ್, ಎಷ್ಟು ಟೋಕನ್, ಅವತ್ತಿನ ರೂಪಾಯಿ ಬೆಲೆ, ಮಾರಿದ ದಿನ, ಮಾರಿದ ಬೆಲೆ. ಬರೆದದ್ದಕ್ಕೆ ಬಂದ ಟೋಕನ್ ಮತ್ತು ಆಮೇಲೆ ಮಾರಿ ಬಂದ ಲಾಭ ಎರಡನ್ನೂ ರಿಟರ್ನ್ಸ್‌ನಲ್ಲಿ ಹೇಗೆ ತೋರಿಸಬೇಕು ಅಂತ ಊರಿನ ತೆರಿಗೆ ಸಲಹೆಗಾರರನ್ನು ಆ ನೋಟ್‌ಬುಕ್ ಸಮೇತ ಕೇಳಿ. ನೋಟ್‌ಬುಕ್ ಇಲ್ಲದೆ ಹೋದರೆ ಅವರೂ ಏನೂ ಮಾಡಲಾರರು.

ಮಾರಲು ಎಕ್ಸ್‌ಚೇಂಜ್ ಆರಿಸುವಾಗ ಎರಡು ಪ್ರಶ್ನೆ ಕೇಳಿ. ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕವಾದ ಎಫ್‌ಐಯು ಇಂಡಿಯಾದಲ್ಲಿ ನೋಂದಣಿ ಆಗಿದೆಯೇ? ನಿಮಗೆ ಬರುವ ಟೋಕನ್ ಅಲ್ಲಿ ಮಾರಲು ಸಿಗುತ್ತದೆಯೇ? ಮಾರಿದ ದಿನವೇ ರೂಪಾಯಿಯನ್ನು ಬ್ಯಾಂಕಿಗೆ ಎಳೆದುಕೊಳ್ಳಿ. ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ 2024ರ ಜುಲೈ 18ರಂದು ಸುಮಾರು ₹2,000 ಕೋಟಿ ಮೌಲ್ಯದ ಕ್ರಿಪ್ಟೋ ಕಳುವಾದ ಮೇಲೆ ಗ್ರಾಹಕರ ಟೋಕನ್‌ಗಳು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಸಿಕ್ಕಿಕೊಂಡವು.

11. ನಾಲ್ಕು ತಾಲ್ಲೂಕು, ಒಂದು ಟೀಮ್

ಒಬ್ಬರೇ ಮಾಡಿದರೆ ಮೂರು ತಿಂಗಳಿಗೆ ಸುಸ್ತು. ಐದಾರು ಮಂದಿ ಸೇರಿ. ಒಬ್ಬರು ಕ್ಯಾಮೆರಾ, ಒಬ್ಬರು ಬರಹ, ಒಬ್ಬರು ಇಂಗ್ಲಿಷ್ ಸಾರ, ಒಬ್ಬರು ಲೆಕ್ಕದ ನೋಟ್‌ಬುಕ್. ತಿಂಗಳಿಗೊಮ್ಮೆ ಇಂಡಿಯಲ್ಲೋ ಸಿಂದಗಿಯಲ್ಲೋ ಮುಖಾಮುಖಿ ಕೂತು ಯಾವ ಪೋಸ್ಟ್ ಓಡಿತು, ಯಾವುದು ಬಿತ್ತು ನೋಡಿ. ನಿಮ್ಮ ನಿಮ್ಮಲ್ಲೇ ಕಣ್ಣುಮುಚ್ಚಿ ವೋಟ್ ಹಾಕಿಕೊಳ್ಳುವ ಉಂಗುರ ಮಾತ್ರ ಕಟ್ಟಬೇಡಿ, ಚೈನ್‌ನಲ್ಲಿ ಪ್ರತಿ ವೋಟೂ ಎಲ್ಲರ ಕಣ್ಣಿಗೆ ಕಾಣುತ್ತದೆ, ಡೌನ್‌ವೋಟ್ ಬೀಳುತ್ತದೆ.

ಟೀಮ್ ಕಟ್ಟಿದ ಸುದ್ದಿ ಹಬ್ಬಿದ ಕೂಡಲೇ ಒಬ್ಬ ಬರುತ್ತಾನೆ. ಕೈಯಲ್ಲಿ ಟೆಲಿಗ್ರಾಂ ಗ್ರೂಪ್, ಬಾಯಲ್ಲಿ "ಹತ್ತು ಸಾವಿರ ಹಾಕ್ರೀ, ತಿಂಗಳಿಗೆ ಡಬಲ್, ಕೆಳಗ ಇಬ್ಬರನ್ನ ಸೇರಸ್ರೀ." ಕೇಳಬೇಕಾದ ಪ್ರಶ್ನೆ ಒಂದೇ: ಬರೆದವರಿಗೆ ದುಡ್ಡು ಬರುತ್ತದೋ, ಬರೆಯುವವರಿಂದ ದುಡ್ಡು ಹೋಗುತ್ತದೋ? ಹೋಗುತ್ತದೆ ಅಂದರೆ ಅದು ಕ್ರಿಯೇಟರ್ ಬಹುಮಾನ ಅಲ್ಲ. ಯಾರಾದರೂ ಈಗಾಗಲೇ ಕಟ್ಟಿಬಿಟ್ಟಿದ್ದರೆ ನಾಚಿಕೆ ಪಟ್ಟು ಮುಚ್ಚಿಡಲು ಬಿಡಬೇಡಿ, ಅವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಬಿದ್ದರೆ ಹಣ ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು.